ಸ್ವಿಚಿಂಗ್ ವಿದ್ಯುತ್ ಪರಿವರ್ತಕಗಳ ಆವೃತ್ತಿ ಪ್ರತಿಕ್ರಿಯೆ

ಟ್ರಾನ್ಸಿಸ್ಟರೊಂದನ್ನು ಸೆಕೆಂಡಿಗೆ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಸಲ ಆನ್–ಆಫ್ ಮಾಡಿ, ಇಂಡಕ್ಟರ್ ಮತ್ತು ಕೆಪಾಸಿಟರ್‌ಗಳ ನೆರವಿನಿಂದ ಒಂದು ಮಟ್ಟದ ವೋಲ್ಟೇಜನ್ನು ಇನ್ನೊಂದು ಮಟ್ಟಕ್ಕೆ ತರುವ ವಿದ್ಯುತ್ ಮಂಡಲವೇ ಸ್ವಿಚಿಂಗ್ ಪರಿವರ್ತಕ. ಮೊಬೈಲ್ ಚಾರ್ಜರಿನಿಂದ ಉಪಗ್ರಹದವರೆಗೆ ಇದಿಲ್ಲದ ವಿದ್ಯುನ್ಮಾನ ಸಾಧನ ಇಂದು ಅಪರೂಪ. ಒಂದು ಆವರ್ತದಲ್ಲಿ ಸ್ವಿಚ್ ಎಷ್ಟು ಪಾಲು ಹೊತ್ತು ಆನ್ ಆಗಿರುತ್ತದೋ ಅದು ಡ್ಯೂಟಿ ಅನುಪಾತ. ಔಟ್‌ಪುಟ್ ವೋಲ್ಟೇಜ್ ಕುಸಿದರೆ ಈ ಅನುಪಾತವನ್ನು ಹೆಚ್ಚಿಸಲು, ಏರಿದರೆ ತಗ್ಗಿಸಲು ಒಂದು ಫೀಡ್‌ಬ್ಯಾಕ್ ಲೂಪ್ ಕಾವಲಿರುತ್ತದೆ. ಆ ಲೂಪ್ ಭದ್ರವಾಗಿ ನಿಲ್ಲುತ್ತದೆಯೋ, ತಾನೇ ತೂಗಾಡತೊಡಗುತ್ತದೆಯೋ ಎಂಬುದನ್ನು ಮೊದಲೇ ಹೇಳಬೇಕಾದರೆ ಪರಿವರ್ತಕದ ಆವೃತ್ತಿ ಪ್ರತಿಕ್ರಿಯೆ ಗೊತ್ತಿರಬೇಕು. ಡ್ಯೂಟಿ ಅನುಪಾತವನ್ನು ಸೈನ್ ತರಂಗದಂತೆ ಒಂದಿಷ್ಟೇ ಅಲುಗಿಸಿದರೆ ಔಟ್‌ಪುಟ್ ಎಷ್ಟು ಅಲುಗುತ್ತದೆ ಎಂಬುದು ಗೇನ್. ಆ ಅಲುಗಾಟ ಎಷ್ಟು ಹಿಂದೆ ಬೀಳುತ್ತದೆ ಎಂಬುದು ಫೇಸ್. ಇವೆರಡನ್ನೂ ಆವೃತ್ತಿಗೆ ಎದುರಾಗಿ ಬರೆದ ಜೋಡಿ ನಕ್ಷೆಗೆ ಬೆಲ್ ಲ್ಯಾಬ್ಸ್‌ನ ಹೆಂಡ್ರಿಕ್ ಬೋಡೆಯ ಹೆಸರು ನಿಂತಿದೆ.

ತೊಡಕು ಇರುವುದು ಇಲ್ಲಿ. ಒಂದು ಆವೃತ್ತಿಯ ಸಂಕೇತ ಕೊಟ್ಟರೆ ಅದೇ ಆವೃತ್ತಿಯ ಸಂಕೇತ ಮಾತ್ರ ಹೊರಬರುವುದು ರೇಖೀಯವಾದ, ಕಾಲದೊಡನೆ ಬದಲಾಗದ ಮಂಡಲಗಳಲ್ಲಿ. ಸ್ವಿಚಿಂಗ್ ಪರಿವರ್ತಕ ಎರಡು ಗುಣದಲ್ಲೂ ಹೊರತು. ಸ್ವಿಚ್ ಆನ್ ಆದಾಗ ಅದೊಂದು ಮಂಡಲ, ಆಫ್ ಆದಾಗ ಬೇರೆಯೇ ಮಂಡಲ. 1 ಕಿಲೋಹರ್ಟ್ಸ್‌ನಲ್ಲಿ ಅಲುಗಿಸಿದರೆ ಔಟ್‌ಪುಟ್ಟಿನಲ್ಲಿ 1 ಕಿಲೋಹರ್ಟ್ಸ್ ಇರುತ್ತದೆ. ಜೊತೆಗೆ ಸ್ವಿಚಿಂಗ್ ಆವೃತ್ತಿ, ಅದರ ಗುಣಕಗಳು, ಆ ಒಂದೊಂದರ ಅಕ್ಕಪಕ್ಕ 1 ಕಿಲೋಹರ್ಟ್ಸ್ ಅಂತರದ ಪಟ್ಟಿಗಳೂ ಇರುತ್ತವೆ. ಇಷ್ಟನ್ನೂ ಹೊತ್ತುಕೊಂಡು ವಿನ್ಯಾಸ ಮಾಡಲಾಗದು. ಹಾಗಾಗಿ ಈ ಕ್ಷೇತ್ರದ ಐವತ್ತು ವರ್ಷಗಳ ಕೆಲಸವೆಲ್ಲ ಏನನ್ನು ಕೈಬಿಡಬಹುದು, ಎಲ್ಲಿಯವರೆಗೆ ಕೈಬಿಡಬಹುದು ಎಂಬ ಒಂದೇ ಪ್ರಶ್ನೆಯ ಸುತ್ತ ನಡೆದಿದೆ.

ಸರಾಸರಿಯ ದಾರಿ

ಕಪಿಲೆ ಬಾವಿಯನ್ನು ನೆನೆಯಬಹುದು. ಎತ್ತುಗಳು ಇಳಿಜಾರಿನಲ್ಲಿ ಇಳಿದಾಗಲೊಮ್ಮೆ ಒಂದು ಬಾನಿ ನೀರು ತೊಟ್ಟಿಗೆ ಬೀಳುತ್ತದೆ. ಅವು ಹಿಂದಕ್ಕೆ ನಡೆಯುವಾಗ ಏನೂ ಬೀಳುವುದಿಲ್ಲ. ತೊಟ್ಟಿಯ ಬಳಿ ನಿಂತವನಿಗೆ ಕಾಣುವುದು ಬಿಟ್ಟು ಬಿಟ್ಟು ಸುರಿಯುವ ನೀರು. ಕಾಲುವೆಯ ತುದಿಯಲ್ಲಿ ಮಡಿಗೆ ನೀರು ಹಾಯಿಸುವವನಿಗೆ ಕಾಣುವುದು ಒಂದೇ ಸಮನಾದ ಹರಿವು. ಕಪಿಲೆ ಹೊಡೆಯುವವನು ವೇಗವನ್ನು ಮೆಲ್ಲಗೆ ಬದಲಿಸಿದರೆ ಮಡಿಯ ಹರಿವೂ ಮೆಲ್ಲಗೆ ಬದಲಾಗುತ್ತದೆ, ಒಂದೊಂದು ಬಾನಿಯ ಲೆಕ್ಕ ಅಲ್ಲಿ ಬೇಕಿಲ್ಲ. ಪರಿವರ್ತಕದಲ್ಲಿ ಇಂಡಕ್ಟರ್, ಕೆಪಾಸಿಟರ್‌ಗಳೇ ತೊಟ್ಟಿ ಮತ್ತು ಕಾಲುವೆ. ನಮಗೆ ಬೇಕಾದ ಬದಲಾವಣೆಗಳು ಸ್ವಿಚಿಂಗ್‌ಗಿಂತ ಬಹಳ ನಿಧಾನವಾಗಿದ್ದರೆ ಪ್ರತಿ ಆವರ್ತದ ಸರಾಸರಿಯನ್ನಷ್ಟೇ ಹಿಡಿದು ನಡೆಯಬಹುದು.

ಈ ಯೋಚನೆಗೆ ಗಣಿತದ ರೂಪ ಕೊಟ್ಟದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಂದರೆ ಕ್ಯಾಲ್‌ಟೆಕ್. ಅಲ್ಲಿ ಜೀನ್ ವೆಸ್ಟರ್ ಮತ್ತು ಅವರ ಗುರು ಆರ್. ಡಿ. ಮಿಡ್ಲ್‌ಬ್ರೂಕ್ 1970ರ ದಶಕದ ಮೊದಲ ವರ್ಷಗಳಲ್ಲಿ ಮಂಡಲಗಳನ್ನೇ ಸರಾಸರಿ ಮಾಡುವ ಕ್ರಮವನ್ನು ಪ್ರಕಟಿಸಿದರು. 1976ರಲ್ಲಿ ಮಿಡ್ಲ್‌ಬ್ರೂಕ್ ಮತ್ತು ಸ್ಲೋಬೋದಾನ್ ಚುಕ್ ಸ್ಥಿತಿ ಸಮೀಕರಣಗಳನ್ನು ಸರಾಸರಿ ಮಾಡುವ ವಿಧಾನವನ್ನು ಮಂಡಿಸಿದರು. ಸ್ಟೇಟ್-ಸ್ಪೇಸ್ ಆವರೇಜಿಂಗ್ ಎಂದೇ ಅದು ಪ್ರಸಿದ್ಧ. ಇಂಡಕ್ಟರಿನ ಕರೆಂಟ್, ಕೆಪಾಸಿಟರಿನ ವೋಲ್ಟೇಜ್ ಇವೇ ಸ್ಥಿತಿಗಳು. ಸ್ವಿಚ್ ಆನ್ ಇದ್ದಾಗಿನ ಸಮೀಕರಣಗಳನ್ನು ಡ್ಯೂಟಿ ಅನುಪಾತದಿಂದಲೂ ಆಫ್ ಇದ್ದಾಗಿನವನ್ನು ಉಳಿದ ಪಾಲಿನಿಂದಲೂ ಗುಣಿಸಿ ಕೂಡಿದರೆ ಒಂದೇ ಜೊತೆ ಸಮೀಕರಣಗಳು ಸಿಗುತ್ತವೆ. ಸ್ವಿಚ್ ಅದರಲ್ಲಿ ಕಾಣೆಯಾಗಿರುತ್ತದೆ. ಆದರೆ ಡ್ಯೂಟಿ ಅನುಪಾತವು ಕರೆಂಟು, ವೋಲ್ಟೇಜುಗಳೊಡನೆ ಗುಣಿಸಿಕೊಂಡಿರುವುದರಿಂದ ಅದಿನ್ನೂ ರೇಖೀಯವಲ್ಲ. ಆದ್ದರಿಂದ ಒಂದು ಸ್ಥಿರ ಸ್ಥಿತಿಯನ್ನು ಆರಿಸಿಕೊಂಡು, ಅದರ ಸುತ್ತಲಿನ ಸಣ್ಣ ಅಲುಗಾಟವನ್ನು ಮಾತ್ರ ಉಳಿಸಿ, ಎರಡು ಸಣ್ಣ ಅಲುಗಾಟಗಳ ಗುಣಲಬ್ಧವನ್ನು ಬಿಟ್ಟುಬಿಡುತ್ತಾರೆ. ಹೀಗೆ ಎರಡು ಸಲ ಕೈಬಿಟ್ಟ ಮೇಲೆ ಉಳಿಯುವುದು ಎಂಜಿನಿಯರಿಂಗ್ ವಿದ್ಯಾರ್ಥಿ ಮೂರನೆಯ ಸೆಮಿಸ್ಟರಿನಲ್ಲಿ ಬಿಡಿಸಬಲ್ಲಂಥ ಸರಳ ರೇಖೀಯ ಮಂಡಲ. ಈ ವಿಧಾನ ಇಷ್ಟು ಬೇಗ ಹರಡಲು ಅದೇ ದೊಡ್ಡ ಕಾರಣ ಎಂದು ತೋರುತ್ತದೆ.

ಬಕ್ ಪರಿವರ್ತಕ

ವೋಲ್ಟೇಜ್ ತಗ್ಗಿಸುವ ಬಕ್ ಪರಿವರ್ತಕವೊಂದನ್ನು ತೆಗೆದುಕೊಳ್ಳೋಣ. ಇನ್‌ಪುಟ್ 12 ವೋಲ್ಟ್, ಔಟ್‌ಪುಟ್ 5 ವೋಲ್ಟ್, ಲೋಡ್ 2.5 ಓಮ್, ಅಂದರೆ 2 ಆಂಪಿಯರ್. ಸ್ವಿಚಿಂಗ್ ಆವೃತ್ತಿ 100 ಕಿಲೋಹರ್ಟ್ಸ್, ಇಂಡಕ್ಟರ್ 50 ಮೈಕ್ರೊಹೆನ್ರಿ, ಕೆಪಾಸಿಟರ್ 220 ಮೈಕ್ರೊಫ್ಯಾರಡ್. ಸರಾಸರಿ ಮಾದರಿಯ ಪ್ರಕಾರ ಕಡಿಮೆ ಆವೃತ್ತಿಯಲ್ಲಿ ಇದರ ಗೇನ್ ಇನ್‌ಪುಟ್ ವೋಲ್ಟೇಜಿಗೇ ಸಮ: 12, ಡೆಸಿಬೆಲ್ ಲೆಕ್ಕದಲ್ಲಿ ಸುಮಾರು 21.6. ಇಂಡಕ್ಟರೂ ಕೆಪಾಸಿಟರೂ ಸೇರಿ ಅನುರಣಿಸುವುದು ಸುಮಾರು 1.5 ಕಿಲೋಹರ್ಟ್ಸ್‌ನಲ್ಲಿ. ಅಲ್ಲಿ ಜೋಡಿ ಪೋಲ್, ಅಂದರೆ ಗೇನ್ ಇಳಿಯತೊಡಗುವ ತಿರುವು, ಇದೆ. ಗೇನ್ ಒಮ್ಮೆ ಶಿಖರಕ್ಕೇರಿ ಆಮೇಲೆ ದಶಕಕ್ಕೆ 40 ಡೆಸಿಬೆಲ್‌ನಂತೆ ಇಳಿಯುತ್ತದೆ, ಫೇಸ್ 180 ಡಿಗ್ರಿಯತ್ತ ಜಾರುತ್ತದೆ. ಬಿಡಿಭಾಗಗಳಲ್ಲಿ ನಷ್ಟವೇ ಇಲ್ಲವೆಂದು ಹಿಡಿದರೆ ಆ ಶಿಖರದ ಮೊನಚು 5.2ರಷ್ಟು. ನಿಜವಾದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿಗೆ ಒಳರೋಧ ಇರುತ್ತದೆ, ಕೆಲಸಗಾರರ ಬಾಯಲ್ಲಿ ಇ.ಎಸ್.ಆರ್. ಅದನ್ನು 50 ಮಿಲಿಓಮ್ ಎಂದಿಟ್ಟುಕೊಂಡರೆ ಮೊನಚು 3.4ಕ್ಕೆ ಇಳಿಯುತ್ತದೆ. ಜೊತೆಗೆ 14.5 ಕಿಲೋಹರ್ಟ್ಸ್ ಹತ್ತಿರ ಒಂದು ಝೀರೊ, ಅಂದರೆ ಪೋಲಿಗೆ ವಿರುದ್ಧವಾದ ತಿರುವು, ಹುಟ್ಟಿ, ಜಾರುತ್ತಿದ್ದ ಫೇಸನ್ನು ಮೇಲೆತ್ತುತ್ತದೆ.

ಕೆಪಾಸಿಟರಿನ ಈ ದೋಷ ಎಷ್ಟೋ ವಿನ್ಯಾಸಗಳನ್ನು ತಿಳಿಯದೆಯೇ ಕಾಪಾಡಿದೆ. ಹಳೆಯ ಎಲೆಕ್ಟ್ರೊಲಿಟಿಕ್ ತೆಗೆದು, ಗುಣದಲ್ಲಿ ಎಷ್ಟೋ ಮೇಲಾದ ಸೆರಾಮಿಕ್ ಕೆಪಾಸಿಟರ್ ಹಾಕಿದೊಡನೆ ಪವರ್ ಸಪ್ಲೈ ತೂಗಾಡತೊಡಗುವುದು ಈ ಕ್ಷೇತ್ರದಲ್ಲಿ ಪರಿಚಿತ ಅನುಭವ. ಆ ಝೀರೊ ಈಗ ಮೆಗಾಹರ್ಟ್ಸ್‌ನತ್ತ ಓಡಿಹೋಗಿರುತ್ತದೆ, ಫೇಸ್ ಎತ್ತುವವರು ಇರುವುದಿಲ್ಲ. ಇಂಥ ಕೊರತೆಯನ್ನು ತುಂಬಲು ಲೂಪನ್ನು ತಿದ್ದುವ ಮಂಡಲವಾದ ಕಾಂಪೆನ್ಸೇಟರಿನಲ್ಲಿ ಝೀರೊ, ಪೋಲ್‌ಗಳನ್ನು ಎಲ್ಲಿಡಬೇಕೆಂಬುದಕ್ಕೆ ಡೀನ್ ವೆನಬಲ್ 1983ರಲ್ಲಿ ಕೆ-ಫ್ಯಾಕ್ಟರ್ ಎಂಬ ಸುಲಭ ಲೆಕ್ಕ ಕೊಟ್ಟರು. ಲೂಪಿನ ಗೇನ್ ಒಂದಕ್ಕೆ ಇಳಿಯುವ ಆವೃತ್ತಿಯಲ್ಲಿ ಫೇಸ್ ಮಾರ್ಜಿನ್, ಅಂದರೆ ಫೇಸ್ 180 ಡಿಗ್ರಿ ಮುಟ್ಟಲು ಇನ್ನೂ ಇರುವ ಅಂತರ, 45ರಿಂದ 60 ಡಿಗ್ರಿ ಉಳಿದರೆ ಸಾಮಾನ್ಯವಾಗಿ ನೆಮ್ಮದಿ.

ಬೂಸ್ಟ್ ಮತ್ತು ಬಲಭಾಗದ ಝೀರೊ

ಅವೇ ಬಿಡಿಭಾಗಗಳಿಂದ 12 ವೋಲ್ಟನ್ನು 24ಕ್ಕೆ ಏರಿಸುವ ಬೂಸ್ಟ್ ಪರಿವರ್ತಕ ಕಟ್ಟೋಣ. ಲೋಡ್ 12 ಓಮ್. ಈಗ ಚಿತ್ರವೇ ಬೇರೆ. ಬಕ್‌ನಲ್ಲಿ ಅನುರಣನದ ಆವೃತ್ತಿ ಇಂಡಕ್ಟರ್, ಕೆಪಾಸಿಟರ್‌ಗಳಿಗಷ್ಟೇ ಸೇರಿದ್ದು. ಬೂಸ್ಟ್‌ನಲ್ಲಿ ಅದು ಸ್ವಿಚ್ ಆಫ್ ಇರುವ ಪಾಲಿನಿಂದಲೂ ಗುಣಿಸಿಕೊಂಡು 760 ಹರ್ಟ್ಸ್ ಹತ್ತಿರಕ್ಕೆ ಬರುತ್ತದೆ. ಇನ್‌ಪುಟ್ 8 ವೋಲ್ಟಿಗೆ ಕುಸಿದರೆ ಅದೇ ಪೋಲ್ 500 ಹರ್ಟ್ಸ್‌ಗೆ ಜರುಗುತ್ತದೆ. ಗುರಿಯೇ ಚಲಿಸುತ್ತಿರುತ್ತದೆ ಎಂದಂತಾಯಿತು.

ಅದಕ್ಕಿಂತ ಗಂಭೀರವಾದದ್ದು ಸಂಕೀರ್ಣ ಸಮತಲದ ಬಲಭಾಗದಲ್ಲಿ ಬೀಳುವ ಝೀರೊ. ಇದನ್ನು ಸೂತ್ರದಲ್ಲಿ ಓದುವುದಕ್ಕಿಂತ ಮಂಡಲದಲ್ಲಿ ನೋಡಿ ತಿಳಿಯುವುದು ಒಳ್ಳೆಯದು. ಬೂಸ್ಟ್‌ನಲ್ಲಿ ಸ್ವಿಚ್ ಆನ್ ಇರುವಾಗ ಇಂಡಕ್ಟರ್ ಶಕ್ತಿ ತುಂಬಿಕೊಳ್ಳುತ್ತದೆ. ಆಗ ಡಯೋಡ್ ಮುಚ್ಚಿದ್ದು ಲೋಡಿಗೆ ಏನೂ ಹೋಗುವುದಿಲ್ಲ, ಕೆಪಾಸಿಟರ್ ಒಂದೇ ಅದನ್ನು ಸಾಕಬೇಕು. ಔಟ್‌ಪುಟ್ ಕುಸಿಯಿತೆಂದು ಲೂಪ್ ಡ್ಯೂಟಿ ಅನುಪಾತವನ್ನು ಹೆಚ್ಚಿಸುತ್ತದೆ. ಇಂಡಕ್ಟರಿನ ಕರೆಂಟ್ ಒಮ್ಮೆಗೇ ಏರಲಾರದು, ಅದಕ್ಕೆ ಹಲವು ಆವರ್ತ ಬೇಕು. ಆದರೆ ಡಯೋಡ್ ತೆರೆದಿರುವ ಹೊತ್ತು ಮಾತ್ರ ಆ ಕ್ಷಣವೇ ಕಡಿಮೆಯಾಯಿತು. ಹೀಗಾಗಿ ಔಟ್‌ಪುಟ್ ಏರುವ ಮೊದಲು ಇನ್ನಷ್ಟು ಕುಸಿಯುತ್ತದೆ. ಬಾನಿ ಪೂರ್ತಿ ತುಂಬಲೆಂದು ಅದನ್ನು ಬಾವಿಯಲ್ಲೇ ಹೆಚ್ಚು ಹೊತ್ತು ಮುಳುಗಿಸಿಟ್ಟರೆ ಮುಂದೆ ನೀರು ಹೆಚ್ಚು ಸಿಗುತ್ತದೆ ನಿಜ, ಆದರೆ ಮೊದಲು ಕಾಲುವೆ ಸೊರಗುತ್ತದೆ. ಆತುರದ ಲೂಪ್ ಈ ಮೊದಲ ಕುಸಿತವನ್ನು ಕಂಡು ಗಾಬರಿಯಾಗಿ ಡ್ಯೂಟಿಯನ್ನು ಮತ್ತೂ ಏರಿಸಿದರೆ ಕತೆ ಕೆಟ್ಟಿತು.

ಬೋಡೆ ನಕ್ಷೆಯಲ್ಲಿ ಈ ಝೀರೊ ಗೇನನ್ನು ಎತ್ತುತ್ತದೆ, ಆದರೆ ಫೇಸನ್ನು ಎತ್ತುವ ಬದಲು ಇಳಿಸುತ್ತದೆ. ಮಾಮೂಲಿ ಪೋಲ್, ಝೀರೊಗಳಿಂದ ಅದನ್ನು ಸರಿದೂಗಿಸಲು ಬರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಅದು 9.5 ಕಿಲೋಹರ್ಟ್ಸ್ ಹತ್ತಿರ ಇದೆ. ಲೋಡ್ ಇಮ್ಮಡಿಯಾದರೆ, ಅಂದರೆ 6 ಓಮ್ ಆದರೆ, 4.8ಕ್ಕೆ ಇಳಿಯುತ್ತದೆ. 12 ಓಮಿನ ಲೋಡಿಗೇ ಇನ್‌ಪುಟ್ 8 ವೋಲ್ಟ್ ಆದರೆ 4.2ಕ್ಕೆ ಇಳಿಯುತ್ತದೆ. ಪರಿವರ್ತಕಕ್ಕೆ ಅತಿ ಹೆಚ್ಚು ಕಷ್ಟ ಇರುವಾಗಲೇ ಝೀರೊ ಅತಿ ಕೆಳಗೆ ಬರುತ್ತದೆ ಎಂಬುದನ್ನು ವಿನ್ಯಾಸಕ ಮರೆಯುವಂತಿಲ್ಲ. ಆ ಕಡೆಯ ಸ್ಥಿತಿಯ ಝೀರೊದ ಮೂರನೇ ಒಂದರಿಂದ ಐದನೇ ಒಂದು ಪಾಲಿನಲ್ಲೇ ಲೂಪಿನ ವೇಗವನ್ನು ನಿಲ್ಲಿಸುವುದು ರೂಢಿ. 100 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಮಾಡುತ್ತಿದ್ದರೂ ಲೂಪ್ 1 ಕಿಲೋಹರ್ಟ್ಸ್ ಆಸುಪಾಸಿನಲ್ಲೇ ತೃಪ್ತಿಪಡಬೇಕು. ಬಕ್-ಬೂಸ್ಟ್ ಮತ್ತು ಅಡಾಪ್ಟರ್‌ಗಳಲ್ಲಿ ಬಳಸುವ ಫ್ಲೈಬ್ಯಾಕ್ ಪರಿವರ್ತಕಗಳಿಗೂ ಇದೇ ಹಣೆಬರಹ.

ಸ್ವಿಚ್ಚನ್ನಷ್ಟೇ ಬದಲಿಸುವುದು

ಸ್ಟೇಟ್-ಸ್ಪೇಸ್ ವಿಧಾನದಲ್ಲಿ ಪ್ರತಿಯೊಂದು ಮಂಡಲಕ್ಕೂ ಮಾತೃಕೆಗಳನ್ನು ಹೊಸದಾಗಿ ಬರೆಯಬೇಕು. ಬರೆಯುತ್ತಾ ಬರೆಯುತ್ತಾ ಮಂಡಲ ಕಣ್ಮರೆಯಾಗುತ್ತದೆ. 1990ರಲ್ಲಿ ವಾಚೆ ವೊರ್ಪೇರಿಯನ್ ಪ್ರಕಟಿಸಿದ ಪಿ.ಡಬ್ಲ್ಯೂ.ಎಂ. (ಪಲ್ಸ್‌ನ ಅಗಲ ಬದಲಿಸುವ) ಸ್ವಿಚ್ ಮಾದರಿ ಈ ಕಷ್ಟವನ್ನು ನೀಗಿತು. ಪರಿವರ್ತಕದಲ್ಲಿ ರೇಖೀಯವಲ್ಲದ್ದು ಟ್ರಾನ್ಸಿಸ್ಟರ್–ಡಯೋಡ್ ಜೋಡಿ ಮಾತ್ರ. ಅದನ್ನು ಮೂರು ತುದಿಗಳ ಒಂದೇ ಘಟಕವೆಂದು ತಿಳಿದು, ಅದರ ಸರಾಸರಿ ವರ್ತನೆಗೆ ಸಮನಾದ ಸಣ್ಣ ಮಂಡಲವನ್ನು ಒಮ್ಮೆ ಕಂಡುಕೊಂಡರೆ ಸಾಕು. ಬಕ್, ಬೂಸ್ಟ್, ಬಕ್-ಬೂಸ್ಟ್ ಎಲ್ಲಿ ಬೇಕಾದರೂ ಅದನ್ನು ಕೂರಿಸಬಹುದು. ಆಂಪ್ಲಿಫೈಯರಿನಲ್ಲಿ ಟ್ರಾನ್ಸಿಸ್ಟರಿನ ಬದಲಿಗೆ ಅದರ ಸಮಾನ ಮಂಡಲ ಇಡುತ್ತಾರಲ್ಲ, ಹಾಗೆಯೇ. ಕಂಪ್ಯೂಟರಿನಲ್ಲಿ ಸ್ಪೈಸ್ ಎಂಬ ಮಂಡಲ ಸಿಮ್ಯುಲೇಟರ್ ಬಳಸುವವರಿಗೆ ಇದು ವರವಾಯಿತು. ಸ್ಪೈಸ್‌ನ ಎ.ಸಿ. ವಿಶ್ಲೇಷಣೆ ಸ್ವಿಚ್ ಆಗುತ್ತಿರುವ ಮಂಡಲದ ಮೇಲೆ ನಡೆಯುವುದಿಲ್ಲ. ಸರಾಸರಿ ಘಟಕ ಇಟ್ಟರೆ ಕ್ಷಣದಲ್ಲಿ ಬೋಡೆ ನಕ್ಷೆ ಸಿಗುತ್ತದೆ.

ವೊರ್ಪೇರಿಯನ್ ಅದೇ ವರ್ಷ ಎರಡನೆಯ ಭಾಗದಲ್ಲಿ ಬಿಟ್ಟು ಹರಿಯುವ ಕರೆಂಟಿನ ಸ್ಥಿತಿಯನ್ನೂ ಕೈಗೆತ್ತಿಕೊಂಡರು. ಲೋಡ್ ತೀರ ಕಡಿಮೆಯಾದಾಗ ಇಂಡಕ್ಟರಿನ ಕರೆಂಟ್ ಪ್ರತಿ ಆವರ್ತದಲ್ಲೂ ಸೊನ್ನೆಗಿಳಿದು ಅಲ್ಲೇ ತುಸು ಹೊತ್ತು ನಿಲ್ಲುತ್ತದೆ. ಮೇಲಿನ ಬಕ್‌ನಲ್ಲಿ 0.29 ಆಂಪಿಯರಿಗಿಂತ ಕೆಳಗೆ ಹೀಗಾಗುತ್ತದೆ. ಆಗ ಆವರ್ತದಿಂದ ಆವರ್ತಕ್ಕೆ ಇಂಡಕ್ಟರಿಗೆ ನೆನಪೇ ಉಳಿಯುವುದಿಲ್ಲ. ಜೋಡಿ ಪೋಲ್ ಒಡೆದು, ಒಂದು ಪೋಲ್ ಬಹಳ ಕೆಳಕ್ಕೂ ಇನ್ನೊಂದು ಬಹಳ ಮೇಲಕ್ಕೂ ಸರಿಯುತ್ತದೆ. 0.1 ಆಂಪಿಯರ್ ಲೋಡಿನಲ್ಲಿ ಕೆಳಗಿನ ಪೋಲ್ ಸುಮಾರು 39 ಹರ್ಟ್ಸ್‌ನಲ್ಲಿರುತ್ತದೆ. ಪೂರ್ಣ ಲೋಡಿನಲ್ಲಿ 1.5 ಕಿಲೋಹರ್ಟ್ಸ್‌ವರೆಗೆ ಸಮತಟ್ಟಾಗಿದ್ದ ಪ್ರತಿಕ್ರಿಯೆ ಇದು! ಒಂದೇ ಕಾಂಪೆನ್ಸೇಟರ್ ಎರಡನ್ನೂ ಸಂಭಾಳಿಸಬೇಕು. ಬೂಸ್ಟ್‌ನಲ್ಲಿ ಮಾತ್ರ ಈ ಸ್ಥಿತಿ ಒಂದು ಉಪಕಾರ ಮಾಡುತ್ತದೆ: ಬಲಭಾಗದ ಝೀರೊವೂ ಮೇಲಕ್ಕೆ, ಹೆಚ್ಚು ಕಡಿಮೆ ಲೆಕ್ಕಕ್ಕೆ ಸಿಗದಷ್ಟು ದೂರ, ಸರಿಯುತ್ತದೆ.

ಸರಾಸರಿ ಸೋತ ಜಾಗ

1978ರಲ್ಲಿ ಸೆಸಿಲ್ ಡೈಶ್ ಕರೆಂಟ್ ಮೋಡ್ ನಿಯಂತ್ರಣದ ಬಗ್ಗೆ ಬರೆದರು. ಇಲ್ಲಿ ಲೂಪ್ ನೇರವಾಗಿ ಡ್ಯೂಟಿ ಅನುಪಾತವನ್ನು ಹೇಳುವುದಿಲ್ಲ. ಇಂಡಕ್ಟರಿನ ಕರೆಂಟ್ ಎಷ್ಟರವರೆಗೆ ಏರಬಹುದು ಎಂದು ಹೇಳುತ್ತದೆ, ಕರೆಂಟ್ ಆ ಮಟ್ಟ ಮುಟ್ಟಿದೊಡನೆ ಸ್ವಿಚ್ ಆಫ್ ಆಗುತ್ತದೆ. ಯುನಿಟ್ರೋಡ್ ಕಂಪನಿಯ 3842 ಸರಣಿಯ ಐ.ಸಿ.ಗಳು ಈ ಪದ್ಧತಿಯನ್ನು 1980ರ ದಶಕದಲ್ಲಿ ಮನೆಮಾತಾಗಿಸಿದವು. ಇಂಡಕ್ಟರ್ ಒಂದು ಕರೆಂಟ್ ಮೂಲದಂತೆ ನಡೆದುಕೊಳ್ಳುವುದರಿಂದ ಜೋಡಿ ಪೋಲ್ ಮಾಯವಾಗಿ ಒಂದೇ ಪೋಲ್ ಉಳಿಯುತ್ತದೆ, ಕಾಂಪೆನ್ಸೇಟರ್ ಹಗುರಾಗುತ್ತದೆ. ಬಲಭಾಗದ ಝೀರೊ ಮಾತ್ರ ಇದ್ದಲ್ಲೇ ಇರುತ್ತದೆ.

ಆದರೆ ಡ್ಯೂಟಿ ಅನುಪಾತ ಅರ್ಧ ದಾಟಿದೊಡನೆ ಒಂದು ಅಗಲ, ಒಂದು ಕಿರಿದು, ಮತ್ತೆ ಅಗಲ ಎಂಬಂತೆ ಪಲ್ಸ್‌ಗಳು ಎಡವತೊಡಗಿದವು. ಸ್ವಿಚಿಂಗ್ ಆವೃತ್ತಿಯ ಸರಿಯಾಗಿ ಅರ್ಧದಲ್ಲಿ ತೂಗಾಟ. ಸರಾಸರಿ ಮಾದರಿ ಇದನ್ನು ಕಾಣಲಾರದು, ಏಕೆಂದರೆ ಎರಡು ಆವರ್ತಗಳ ನಡುವಿನ ಈ ವ್ಯತ್ಯಾಸವನ್ನೇ ಅದು ಅಳಿಸಿಹಾಕಿರುತ್ತದೆ. ಕಾರಣ ರೇಖಾಗಣಿತದಷ್ಟು ಸರಳ: ಕರೆಂಟಿನಲ್ಲಿ ಒಂದು ಸಣ್ಣ ತಪ್ಪು ನುಸುಳಿದರೆ ಮುಂದಿನ ಆವರ್ತಕ್ಕೆ ಅದು ಇಳಿವಾಲು ಮತ್ತು ಏರುವಾಲುಗಳ ಅನುಪಾತದಷ್ಟು ಗುಣಿಸಿಕೊಂಡು, ಚಿಹ್ನೆ ಬದಲಿಸಿಕೊಂಡು ಬರುತ್ತದೆ. ಡ್ಯೂಟಿ ಅರ್ಧಕ್ಕಿಂತ ಹೆಚ್ಚಿದ್ದರೆ ಇಳಿವಾಲೇ ಕಡಿದು, ತಪ್ಪು ಬೆಳೆಯುತ್ತಾ ಹೋಗುತ್ತದೆ. ಗರಗಸದ ಹಲ್ಲಿನಂಥ ಒಂದು ಕೃತಕ ರ‍್ಯಾಂಪನ್ನು ಸೇರಿಸಿ ಇದನ್ನು ಹತ್ತಿಕ್ಕುತ್ತಾರೆ.

ಇದನ್ನು ಬೋಡೆ ನಕ್ಷೆಯ ಭಾಷೆಗೆ ತಂದವರು ವರ್ಜೀನಿಯಾ ಟೆಕ್‌ನ ರೇಮಂಡ್ ರಿಡ್ಲಿ, ತಮ್ಮ 1990ರ ಪಿಎಚ್.ಡಿ. ಪ್ರಬಂಧದಲ್ಲಿ. ಕರೆಂಟಿನ ಲೂಪ್ ಆವರ್ತಕ್ಕೊಮ್ಮೆ ಮಾತ್ರ ತೀರ್ಮಾನ ತೆಗೆದುಕೊಳ್ಳುತ್ತದೆ, ಆದ್ದರಿಂದ ಅದೊಂದು ಸ್ಯಾಂಪ್ಲಿಂಗ್ ವ್ಯವಸ್ಥೆ ಎಂದು ಅವರು ಹಿಡಿದರು. ಆ ಸ್ಯಾಂಪ್ಲಿಂಗಿನ ಕರಾರುವಾಕ್ ಸೂತ್ರವನ್ನು ಎರಡನೇ ದರ್ಜೆಯ ಸರಳ ಪದವಾಗಿ ಹಿಂಡಿ, ಮಾಮೂಲಿ ಸರಾಸರಿ ಮಾದರಿಗೆ ಜೋಡಿಸಿದರು. ಫಲವಾಗಿ ಸ್ವಿಚಿಂಗ್ ಆವೃತ್ತಿಯ ಅರ್ಧದಲ್ಲಿ ಒಂದು ಜೋಡಿ ಪೋಲ್ ಕಾಣಿಸಿಕೊಂಡಿತು. ರ‍್ಯಾಂಪ್ ಇಲ್ಲದಿದ್ದರೆ, ಡ್ಯೂಟಿ 0.4 ಇರುವಾಗ ಅದರ ಮೊನಚು ಸುಮಾರು 3.2, 0.5 ಮುಟ್ಟಿದಾಗ ಅನಂತ. ಪ್ರಯೋಗಶಾಲೆಯಲ್ಲಿ ಕಂಡ ತೂಗಾಟ ಕಾಗದದ ಮೇಲೂ ಬಂತು. ಸೈದ್ಧಾಂತಿಕವಾಗಿ ಹೆಚ್ಚು ಶುದ್ಧವಾದ ಮಾದರಿಗಳು ಇದಕ್ಕೆ ಮೊದಲೂ ಇದ್ದವು, ಆಮೇಲೂ ಬಂದವು. ಸಾಕಾಗುವಷ್ಟು ನಿಜವಾಗಿದ್ದು ಕೈಲೆಕ್ಕಕ್ಕೂ ಒಗ್ಗುವ ಮಾದರಿ ಎಂಬ ದೃಷ್ಟಿಯಿಂದ ನೋಡಿದರೆ, 1976ರ ನಂತರ ಈ ಕ್ಷೇತ್ರದಲ್ಲಿ ಆದ ಅತಿ ಉಪಯುಕ್ತ ಕೆಲಸ ಇದೇ ಎನ್ನಬೇಕು.

ಅನುರಣನ ಪರಿವರ್ತಕಗಳಲ್ಲಿ ಸರಾಸರಿ ಇನ್ನೂ ಮೂಲದಲ್ಲೇ ಸೋಲುತ್ತದೆ. ಎಲ್.ಎಲ್.ಸಿ. ಪರಿವರ್ತಕದ ಅನುರಣನ ಕರೆಂಟ್ ಹಿಂದೆ ಮುಂದೆ ಹರಿಯುವ ಎ.ಸಿ.; ಒಂದು ಆವರ್ತದಲ್ಲಿ ಅದರ ಸರಾಸರಿ ಸೊನ್ನೆ. ಅದಕ್ಕಾಗಿ ಸರಾಸರಿಯ ಬದಲು ಮೊದಲ ಫೂರಿಯೆ ಘಟಕದ ಎತ್ತರವನ್ನು ಹಿಂಬಾಲಿಸುವ ವಿಧಾನಗಳು ಬಂದವು. ಸ್ಯಾಂಡರ್ಸ್, ವರ್ಗೀಸ್ ಮತ್ತು ಸಂಗಡಿಗರ 1991ರ ಸಾಮಾನ್ಯೀಕೃತ ಸರಾಸರಿ ಅವುಗಳಲ್ಲಿ ಮುಖ್ಯವಾದದ್ದು.

ಇನ್‌ಪುಟ್ ಕಡೆಯಿಂದ ಬರುವ ಅಪಾಯ

ಔಟ್‌ಪುಟ್ಟನ್ನು ಚೆನ್ನಾಗಿ ಕಾಯುವ ಪರಿವರ್ತಕ ಇನ್‌ಪುಟ್ ಕಡೆಯಿಂದ ವಿಚಿತ್ರವಾಗಿ ಕಾಣುತ್ತದೆ. ಲೋಡ್ 10 ವಾಟ್ ಕೇಳುತ್ತಿದ್ದರೆ ಇನ್‌ಪುಟ್ ವೋಲ್ಟೇಜ್ ಇಳಿದಾಗ ಅದು ಕರೆಂಟನ್ನು ಹೆಚ್ಚು ಎಳೆಯುತ್ತದೆ. ಅಂದರೆ ಕಡಿಮೆ ಆವೃತ್ತಿಯಲ್ಲಿ ಅದೊಂದು ಋಣ ರೋಧ; ನಮ್ಮ ಬಕ್‌ನಲ್ಲಿ ಋಣ 14.4 ಓಮ್. ಅದರ ಮುಂದೆ ಗದ್ದಲ ತಡೆಯಲೆಂದು ಇಂಡಕ್ಟರ್–ಕೆಪಾಸಿಟರ್ ಫಿಲ್ಟರ್ ಇಟ್ಟರೆ, ಆ ಫಿಲ್ಟರಿನ ಅನುರಣನವನ್ನು ಋಣ ರೋಧ ಉಬ್ಬಿಸಿ ಇಡೀ ವ್ಯವಸ್ಥೆಯನ್ನು ತೂಗಾಡಿಸಬಹುದು. ಬೇರೆ ಬೇರೆಯಾಗಿ ಪರೀಕ್ಷಿಸಿದಾಗ ಎರಡೂ ನಿರ್ದೋಷಿಗಳು. ಮಿಡ್ಲ್‌ಬ್ರೂಕ್ 1976ರಲ್ಲೇ ಇದಕ್ಕೆ ನಿಯಮ ಕೊಟ್ಟರು: ಎಲ್ಲ ಆವೃತ್ತಿಗಳಲ್ಲೂ ಫಿಲ್ಟರಿನ ಔಟ್‌ಪುಟ್ ಇಂಪೀಡೆನ್ಸ್ ಪರಿವರ್ತಕದ ಇನ್‌ಪುಟ್ ಇಂಪೀಡೆನ್ಸಿಗಿಂತ ಬಹಳ ಕಡಿಮೆ ಇರಲಿ. ಸೌರಶಕ್ತಿ, ಪವನಶಕ್ತಿಯ ಇನ್ವರ್ಟರುಗಳು ದುರ್ಬಲ ಗ್ರಿಡ್ಡಿಗೆ ಸೇರಿದಾಗ ಏಳುವ ತೂಗಾಟಗಳನ್ನು ಇಂದು ಪರಿಶೀಲಿಸುವುದೂ ಇದೇ ಇಂಪೀಡೆನ್ಸ್ ಹೋಲಿಕೆಯ ವಿಸ್ತೃತ ರೂಪದಿಂದ; ಜಿಯಾನ್ ಸುನ್ 2011ರಲ್ಲಿ ಅದನ್ನು ಗ್ರಿಡ್ ಇನ್ವರ್ಟರುಗಳಿಗೆ ಅನ್ವಯಿಸಿದರು.

ಅಳತೆ, ಸಿಮ್ಯುಲೇಶನ್, ಡಿಜಿಟಲ್ ಲೂಪ್

ಮಾದರಿ ನಿಜವೇ ಎಂದು ತಿಳಿಯಲು ಅಳೆಯಬೇಕು. ಲೂಪನ್ನು ಕತ್ತರಿಸಿ ಅಳೆಯುವಂತಿಲ್ಲ. ಕತ್ತರಿಸಿದರೆ ಔಟ್‌ಪುಟ್ ಎತ್ತಲೋ ಓಡುತ್ತದೆ. 1975ರಲ್ಲಿ ಮಿಡ್ಲ್‌ಬ್ರೂಕ್ ವಿವರಿಸಿದ ಉಪಾಯವೆಂದರೆ ಲೂಪನ್ನು ಮುಚ್ಚಿಟ್ಟೇ ಒಳಗೆ ಒಂದು ಸಣ್ಣ ಸಂಕೇತ ತೂರಿಸುವುದು. ಫೀಡ್‌ಬ್ಯಾಕ್ ದಾರಿಯಲ್ಲಿ ಹತ್ತಾರು ಓಮ್‌ಗಳ ರೆಸಿಸ್ಟರ್ ಇಟ್ಟು, ಅದರ ಎರಡು ತುದಿಗಳಿಗೆ ಟ್ರಾನ್ಸ್‌ಫಾರ್ಮರಿನ ಮೂಲಕ ಸಂಕೇತ ಕೊಟ್ಟು, ಆಚೆ ಈಚೆಯ ವೋಲ್ಟೇಜುಗಳ ಅನುಪಾತ ನೋಡಿದರೆ ಅದೇ ಲೂಪ್ ಗೇನ್. ರೆಸಿಸ್ಟರಿನ ಒಂದು ಕಡೆ ಇಂಪೀಡೆನ್ಸ್ ಕಡಿಮೆ, ಇನ್ನೊಂದು ಕಡೆ ಹೆಚ್ಚು ಇರುವ ಜಾಗವನ್ನು ಆರಿಸಬೇಕು. ಔಟ್‌ಪುಟ್ ಮತ್ತು ವಿಭಾಜಕ ರೆಸಿಸ್ಟರುಗಳ ನಡುವಿನ ತಂತಿ ಅದಕ್ಕೆ ಹೇಳಿ ಮಾಡಿಸಿದ್ದು. ಸಂಕೇತ ಹೆಚ್ಚಾದರೆ ಮಂಡಲ ರೇಖೀಯವಾಗಿ ಉಳಿಯದು, ಕಡಿಮೆಯಾದರೆ ಸ್ವಿಚಿಂಗ್ ಗದ್ದಲದಲ್ಲಿ ಮುಳುಗುತ್ತದೆ. ಸಂಕೇತವನ್ನು ಅರ್ಧಕ್ಕಿಳಿಸಿದರೂ ನಕ್ಷೆ ಬದಲಾಗದಿದ್ದರೆ ನಂಬಬಹುದು. ಸಿಂಪ್ಲಿಸ್‌ನಂಥ ಸಿಮ್ಯುಲೇಟರುಗಳು ಸ್ವಿಚ್ ಆಗುತ್ತಿರುವ ಮಂಡಲದ ಪುನರಾವರ್ತಿಸುವ ಸ್ಥಿತಿಯನ್ನು ಮೊದಲು ಹುಡುಕಿ, ಅದರ ಸುತ್ತ ಇದೇ ಅಳತೆಯನ್ನು ಕಂಪ್ಯೂಟರಿನೊಳಗೆ ನಡೆಸುತ್ತವೆ. ಸರಾಸರಿ ಮಾದರಿ ಬೇಕಾಗುವುದಿಲ್ಲ. ಆದರೂ ಯಾವ ಬಿಡಿಭಾಗ ಯಾವ ಪೋಲಿಗೆ ಕಾರಣ ಎಂದು ಹೇಳುವುದು ಸೂತ್ರ ಮಾತ್ರ.

ಈ ವಿದ್ಯೆ ಕರ್ನಾಟಕಕ್ಕೆ ಬಂದದ್ದರಲ್ಲಿ ಕ್ಯಾಲ್‌ಟೆಕ್‌ನ ನೇರ ಎಳೆಯೊಂದಿದೆ. ಅಲ್ಲಿ ಸಂಶೋಧನೆ ಮಾಡಿದ ವಿ. ರಾಮನಾರಾಯಣನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗದಲ್ಲಿ ಈ ವಿಷಯ ಕಲಿಸಿದರು. ಸ್ವಿಚ್ಡ್ ಮೋಡ್ ಪವರ್ ಕನ್ವರ್ಶನ್ ಕುರಿತ ಅವರ ಪಾಠದ ಟಿಪ್ಪಣಿಗಳು ಸರಾಸರಿ ಮಾದರಿ, ಕರೆಂಟ್ ಮೋಡ್, ಅನುರಣನ ಪರಿವರ್ತಕಗಳನ್ನು ಒಂದೇ ಎಳೆಯಲ್ಲಿ ವಿವರಿಸುತ್ತವೆ.

ನಿಯಂತ್ರಣ ಮೈಕ್ರೊಕಂಟ್ರೋಲರಿನ ಒಳಗೆ ಹೋದ ಮೇಲೆ ಹೊಸದೊಂದು ಅಂಶ ಲೆಕ್ಕಕ್ಕೆ ಸೇರಿತು: ತಡ. ವೋಲ್ಟೇಜನ್ನು ಅಂಕಿಯಾಗಿ ಓದಿ, ಲೆಕ್ಕ ಹಾಕಿ, ಮುಂದಿನ ಪಲ್ಸ್‌ನಲ್ಲಿ ಜಾರಿಗೆ ತರುವಷ್ಟರಲ್ಲಿ ಸಾಧಾರಣವಾಗಿ ಒಂದೂವರೆ ಆವರ್ತ ಕಳೆಯುತ್ತದೆ. 100 ಕಿಲೋಹರ್ಟ್ಸ್‌ಗೆ ಅದು 15 ಮೈಕ್ರೊಸೆಕೆಂಡ್. ಈ ತಡ ಗೇನನ್ನು ಮುಟ್ಟುವುದಿಲ್ಲ, ಫೇಸನ್ನು ಮಾತ್ರ ತಿನ್ನುತ್ತದೆ. 10 ಕಿಲೋಹರ್ಟ್ಸ್‌ನಲ್ಲಿ ತಿನ್ನುವುದು 54 ಡಿಗ್ರಿ. ಅನಲಾಗ್ ಲೂಪಿನಲ್ಲಿ ನೆಮ್ಮದಿಯ ಮಾರ್ಜಿನ್ ಎಂದು ಇಟ್ಟುಕೊಂಡಿದ್ದ ಫೇಸ್ ಅಷ್ಟರಲ್ಲೇ ಮುಗಿದಿರುತ್ತದೆ. ಆದ್ದರಿಂದ ಡಿಜಿಟಲ್ ವಿನ್ಯಾಸದಲ್ಲಿ ಆವರ್ತದ ಯಾವ ಕ್ಷಣದಲ್ಲಿ ವೋಲ್ಟೇಜನ್ನು ಓದಬೇಕು, ಓದಿದ ಅಂಕಿ ಯಾವ ಪಲ್ಸ್‌ಗೆ ಸೇರಬೇಕು ಎಂಬುದೂ ಕೆಪಾಸಿಟರ್, ಇಂಡಕ್ಟರ್‌ಗಳಷ್ಟೇ ಮಾದರಿಯ ಭಾಗವಾಗಿದೆ.